ಒಡಂಬಡಿಕೆ ಮದುವೆ ಮುರಿಯುವಾಗ ಕಾರಣಕ್ಕಿಂತ ತಾರೀಖು ಮುಖ್ಯ

ಅರಿಜೋನಾದ ಮ್ಯಾರಿಕೋಪಾ ಕೌಂಟಿಯ ಕೋರ್ಟಿನಲ್ಲಿ, ಅಂದರೆ ಫೀನಿಕ್ಸ್ ಊರಿನ ಕೋರ್ಟಿನಲ್ಲಿ, ವಿಚ್ಛೇದನಕ್ಕೆಂದು ಕೊಡುವ ಮಾಮೂಲಿ ಅರ್ಜಿಯ ನೆತ್ತಿಯ ಮೇಲೆಯೇ ‘ನಾನ್-ಕವೆನೆಂಟ್ ಮ್ಯಾರೇಜ್’ ಎಂದು ಅಚ್ಚಾಗಿರುತ್ತದೆ. ಹೆಚ್ಚಿನವರು ಅದನ್ನು ಓದದೆ ಕೆಳಗಿನ ಸಾಲಿಗೆ ಇಳಿಯುತ್ತಾರೆ. ಅದರಿಂದ ಅವರಿಗೇನೂ ನಷ್ಟವಿಲ್ಲ. ಆದರೆ ಮದುವೆಯ ಲೈಸೆನ್ಸಿನಲ್ಲಿ ‘ಕವೆನೆಂಟ್’ ಎಂಬ ಪದ ಇರುವವರು ಅದೇ ನಮೂನೆ ತುಂಬಿ ಕೊಟ್ಟರೆ ಕೆಲಸ ಕೆಟ್ಟಿತು. ‘ನಮ್ಮ ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ’ ಎಂಬ ಒಂದು ವಾಕ್ಯ ಉಳಿದವರಿಗೆಲ್ಲ ಸಾಕು, ಇವರಿಗೆ ಸಾಲದು.

ಕವೆನೆಂಟ್ ಎಂದರೆ ಒಡಂಬಡಿಕೆ. ಕನ್ನಡ ಬೈಬಲ್ಲಿನ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎನ್ನುವಾಗಿನ ಅದೇ ಮಾತು, ಅದೇ ಭಾರ. ಅಮೆರಿಕದ 50 ರಾಜ್ಯಗಳ ಪೈಕಿ ಮೂರರಲ್ಲಿ ಮಾತ್ರ ಈ ಬಗೆಯ ಮದುವೆಗೆ ಕಾನೂನಿದೆ. ಲೂಯಿಸಿಯಾನ 1997ರಲ್ಲಿ ತಂದಿತು, ಅರಿಜೋನಾ 1998ರಲ್ಲಿ, ಆರ್ಕನ್ಸಾ 2001ರಲ್ಲಿ. ಮದುವೆಗೆ ಮುನ್ನ ಪಾದ್ರಿಯ ಅಥವಾ ಮದುವೆ ಕೌನ್ಸೆಲರ್ ಒಬ್ಬರ ಹತ್ತಿರ ಕೂತು ಮಾತಾಡಬೇಕು, ಇದು ಬದುಕಿರುವವರೆಗಿನ ಸಂಬಂಧ ಎಂದು ಬರೆದು ಸಹಿ ಹಾಕಬೇಕು. ಬಿಡುಗಡೆ ಬೇಕೆಂದರೆ ಕಾನೂನು ಬರೆದಿಟ್ಟ ಪಟ್ಟಿಯೊಳಗಿನ ಕಾರಣವೇ ಆಗಬೇಕು. ಆರ್ಕನ್ಸಾದ ಗವರ್ನರ್ ಆಗಿದ್ದ ಮೈಕ್ ಹಕಬಿ 2005ರ ಫೆಬ್ರವರಿ 14ರಂದು ಸಾವಿರಾರು ಜನರ ಮುಂದೆ ತಮ್ಮ ಹಳೆಯ ಮದುವೆಯನ್ನೇ ಇದಕ್ಕೆ ಬದಲಿಸಿಕೊಂಡರು. 2023ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯ ಸ್ಪೀಕರ್ ಆದ ಲೂಯಿಸಿಯಾನದ ಮೈಕ್ ಜಾನ್ಸನ್ ಅವರದೂ ಇಂಥದೇ ಮದುವೆ. ಹೆಸರು ದೊಡ್ಡದಾಯಿತು, ಆರಿಸಿಕೊಂಡವರು ಮಾತ್ರ ಬಹಳ ಕಡಿಮೆ. ಹಾಗಾಗಿ ಇಂಥ ಕಡತ ಕೈಯಲ್ಲಿ ಹಿಡಿದು ನೋಡಿರುವ ವಕೀಲರೂ ಕೋರ್ಟಿನ ಗುಮಾಸ್ತರೂ ಕಡಿಮೆಯೇ. ವಕೀಲರನ್ನು ಹುಡುಕುವಾಗ ‘ವಿಚ್ಛೇದನದ ಕೇಸು ಮಾಡ್ತೀರಾ’ ಎಂದಷ್ಟೇ ಕೇಳಿ ಸುಮ್ಮನಾಗಬಾರದು.

ಇದಕ್ಕೆ ಬಿಡುಗಡೆಯೇ ಇಲ್ಲ ಎಂದು ನಂಬಿ ಹತ್ತಾರು ವರ್ಷ ಕೂರುವವರಿದ್ದಾರೆ. ಇದು ಬರೀ ಕಾಗದ, ಕೋರ್ಟು ಕೇಳುವುದಿಲ್ಲ ಎಂದು ನುಗ್ಗುವವರೂ ಇದ್ದಾರೆ. ಎರಡೂ ತಪ್ಪು. ಬಾಗಿಲು ಇದೆ. ಆ ಬಾಗಿಲಿಗೆ ಬೀಗಕ್ಕಿಂತ ಹೆಚ್ಚಾಗಿ ಕ್ಯಾಲೆಂಡರ್ ನೇತುಹಾಕಿದ್ದಾರೆ. ಯಾವ ದಿನದಿಂದ ಎಣಿಕೆ ಶುರು, ಎಲ್ಲಿ ಅದು ನಿಲ್ಲುತ್ತದೆ, ಎಣಿಕೆ ನಡೆಯುತ್ತಿರುವಾಗ ಆಸ್ತಿ ಸಾಲ ಯಾರ ತಲೆಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳದವರು ಆಮೇಲೆ ಪರದಾಡುತ್ತಾರೆ.

ಮೊದಲು ಮದುವೆಯ ಕಾಗದ

ಅರ್ಜಿಗೂ ಮೊದಲು ಬೇಕಾದದ್ದು ಮದುವೆ ಲೈಸೆನ್ಸಿನ ಪ್ರಮಾಣಿತ ನಕಲು, ಅದರ ಜೊತೆ ಲಗತ್ತಾಗಿರುವ ‘ಡಿಕ್ಲರೇಷನ್ ಆಫ್ ಇಂಟೆಂಟ್’, ಅಂದರೆ ಒಡಂಬಡಿಕೆ ಮದುವೆಗೆ ಸಹಿ ಹಾಕಿದ ಘೋಷಣೆ. ಮನೆಯಲ್ಲಿ ಚೌಕಟ್ಟು ಹಾಕಿಸಿಟ್ಟ ಸರ್ಟಿಫಿಕೇಟ್ ಸಾಕಾಗುವುದಿಲ್ಲ, ದಾಖಲೆಯಲ್ಲಿರುವುದೇ ಬೇಕು. ಲೂಯಿಸಿಯಾನದ ಘೋಷಣೆಯಲ್ಲಿ ಇರಬೇಕಾದದ್ದು ಇಬ್ಬರ ಪ್ರತಿಜ್ಞೆ, ಕೌನ್ಸೆಲಿಂಗ್ ಪಡೆದೆವು ಎಂಬ ಅಫಿಡವಿಟ್, ಕೌನ್ಸೆಲಿಂಗ್ ಕೊಟ್ಟವರ ನೋಟರಿ ಮಾಡಿಸಿದ ದೃಢೀಕರಣ. ಅಟಾರ್ನಿ ಜನರಲ್ ಕಚೇರಿಯ ಕಿರುಪುಸ್ತಿಕೆ ಓದಿದ್ದೇವೆ ಎಂಬ ಮಾತೂ ಅದರಲ್ಲಿ ಬರುತ್ತದೆ. ಇವುಗಳಲ್ಲಿ ಯಾವುದಾದರೂ ಕಾಣೆಯಾಗಿದ್ದರೆ ಅನುಭವಿ ವಕೀಲರು ಮೊದಲು ಕೈಹಾಕುವುದು ಅಲ್ಲಿಗೇ. ಆಗ ವಾದ ಮದುವೆಯೇ ಅಸಿಂಧು ಎಂದಲ್ಲ, ಇದು ಒಡಂಬಡಿಕೆಯಲ್ಲ, ಸಾದಾ ಮದುವೆ ಎಂದು.

ಇಲ್ಲೊಂದು ಮಾತು ನಮ್ಮವರಿಗೆ ನೇರವಾಗಿ ತಾಗುತ್ತದೆ. ಒಡಂಬಡಿಕೆ ಮದುವೆ ಆಗಲು ಆ ರಾಜ್ಯದಲ್ಲೇ ತಾಳಿ ಕಟ್ಟಿರಬೇಕೆಂದಿಲ್ಲ. ಬೆಂಗಳೂರಿನ ಛತ್ರದಲ್ಲಿ ಮದುವೆಯಾಗಿ ಫೀನಿಕ್ಸಿಗೋ ಲೂಯಿಸಿಯಾನದ ಬ್ಯಾಟನ್ ರೂಜಿಗೋ ಹೋಗಿ ನೆಲೆಸಿದವರೂ ಆಮೇಲೆ ಬದಲಿಸಿಕೊಳ್ಳಬಹುದು. ಅರಿಜೋನಾದಲ್ಲಿ ಹಾಗೆ ಬದಲಿಸಿಕೊಳ್ಳಲು ಕೌನ್ಸೆಲಿಂಗ್ ಕೂಡ ಕಡ್ಡಾಯವಲ್ಲ. ಕೋರ್ಟಿನ ಕ್ಲರ್ಕ್ ಹತ್ತಿರ ಘೋಷಣೆ, ಮದುವೆಯಾದ ಊರು ಮತ್ತು ದಿನದ ಪ್ರಮಾಣಪತ್ರ, ಶುಲ್ಕ ಕೊಟ್ಟರೆ ಮುಗಿಯಿತು. ಲೂಯಿಸಿಯಾನದಲ್ಲಿ ಹೊರಗಿನ ಮದುವೆ ಸರ್ಟಿಫಿಕೇಟಿನ ನಕಲಿಗೆ ಘೋಷಣೆ ಲಗತ್ತಿಸಿ, ವಾಸವಿರುವ ಪ್ಯಾರಿಷ್‌ನ ಮದುವೆ ಲೈಸೆನ್ಸ್ ಅಧಿಕಾರಿಗೆ ಸಲ್ಲಿಸಬೇಕು. ಲೂಯಿಸಿಯಾನದಲ್ಲಿ ಪ್ಯಾರಿಷ್ ಎಂದರೆ ಚರ್ಚಿನ ಹೋಬಳಿಯಲ್ಲ, ಉಳಿದ ರಾಜ್ಯಗಳ ಕೌಂಟಿ ಇದ್ದ ಹಾಗೆ, ನಮ್ಮ ಜಿಲ್ಲೆಯಂಥದು. ವಾರ್ಷಿಕೋತ್ಸವದ ಉತ್ಸಾಹದಲ್ಲಿ ಹಾಕಿದ ಸಹಿ ಇಪ್ಪತ್ತು ವರ್ಷದ ಮೇಲೂ ದಾಖಲೆಯಲ್ಲಿ ಕೂತಿರುತ್ತದೆ. ಮದುವೆ ಲೈಸೆನ್ಸಿನಲ್ಲಿ ಏನೂ ಇಲ್ಲ ಎಂದ ಮಾತ್ರಕ್ಕೆ ನಿಶ್ಚಿಂತರಾಗದೆ, ಆಮೇಲೆ ಬದಲಿಸಿಕೊಂಡ ದಾಖಲೆ ಇದೆಯೇ ಎಂದೂ ಹುಡುಕಿಸಬೇಕು. ಅರಿಜೋನಾದ ವಿಚ್ಛೇದನ ಅರ್ಜಿಯಲ್ಲಿ ಮದುವೆ ಒಡಂಬಡಿಕೆಯದೋ ಅಲ್ಲವೋ ಎಂದು ಹೇಳುವುದು ಕಾನೂನಿನ ಪ್ರಕಾರವೇ ಕಡ್ಡಾಯ, ಅಲ್ಲಿ ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ಜಾಗವಿಲ್ಲ.

ಮೂರು ರಾಜ್ಯ, ಮೂರು ಪಟ್ಟಿ

ಹೆಸರು ಒಂದೇ ಆದರೂ ಮೂರು ರಾಜ್ಯಗಳ ಪಟ್ಟಿ ಒಂದೇ ಅಲ್ಲ. ಅಂತರ್ಜಾಲದಲ್ಲಿ ಸಿಗುವ ಲೂಯಿಸಿಯಾನದ ಪಟ್ಟಿಯನ್ನು ಅರಿಜೋನಾದವರು ಓದಿ ಕೈಚೆಲ್ಲುವುದು ಸಾಮಾನ್ಯ.

ಅರಿಜೋನಾದ್ದು ಎಲ್ಲಕ್ಕಿಂತ ಸಡಿಲ. ಕಾರಣ ಒಂದೇ, ಪಟ್ಟಿಯ ಕೊನೆಯಲ್ಲಿ ‘ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ’ ಎಂಬ ಸಾಲಿದೆ. ಇಬ್ಬರೂ ಒಪ್ಪಿದ ಮೇಲೆ ಅಲ್ಲಿ ಒಡಂಬಡಿಕೆ ಮದುವೆಗೂ ಸಾದಾ ಮದುವೆಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ: ಅರ್ಜಿಗೆ ಮುನ್ನ 90 ದಿನದ ವಾಸ, ಅರ್ಜಿ ಎದುರಿನವರ ಕೈಸೇರಿದ ಮೇಲೆ ಕನಿಷ್ಠ 60 ದಿನದ ಕಾಯುವಿಕೆ, ಆಮೇಲೆ ಡಿಕ್ರಿ. ಒಬ್ಬರು ಒಪ್ಪದಿದ್ದಾಗ ಮಾತ್ರ ಪಟ್ಟಿಯ ಉಳಿದ ಭಾಗ ಬೇಕಾಗುತ್ತದೆ. ಅದರಲ್ಲಿ ವ್ಯಭಿಚಾರ ಇದೆ. ಗಂಭೀರ ಅಪರಾಧ ಮಾಡಿ ಮರಣದಂಡನೆಗೋ ಜೈಲುಶಿಕ್ಷೆಗೋ ಗುರಿಯಾಗಿರುವುದು ಇದೆ. ಕನಿಷ್ಠ ಒಂದು ವರ್ಷ ಮನೆ ಬಿಟ್ಟುಹೋಗಿ ಬರಲೊಲ್ಲೆ ಎನ್ನುವುದು, ಸಂಗಾತಿಯ ಮೇಲೋ ಮಗುವಿನ ಮೇಲೋ ಆ ಮನೆಯಲ್ಲೇ ಖಾಯಂ ಇರುವ ಸಂಬಂಧಿಕರ ಮೇಲೋ ದೈಹಿಕ ಇಲ್ಲವೇ ಲೈಂಗಿಕ ದೌರ್ಜನ್ಯ, ಕೌಟುಂಬಿಕ ಹಿಂಸೆ, ಮಾನಸಿಕ ಹಿಂಸೆ ಸೇರಿವೆ. ಎರಡು ವರ್ಷ ಸತತ ಬೇರೆ ವಾಸ, ಬೇರ್ಪಡೆಯ ಡಿಕ್ರಿಯಾದ (ಮದುವೆ ಉಳಿಸಿ ಸಂಸಾರ ಮಾತ್ರ ಬೇರೆ ಮಾಡುವ ಕೋರ್ಟಿನ ಆದೇಶ) ಮೇಲೆ ಒಂದು ವರ್ಷ ಬೇರೆ ವಾಸ, ಕುಡಿತ ಅಥವಾ ಮಾದಕ ವಸ್ತುವಿನ ಚಟ ಇವೂ ಕಾರಣಗಳೇ. ಊರಿನಿಂದ ಬಂದು ಜೊತೆಗೇ ಇರುವ ಅತ್ತೆಯ ಮೇಲೆ ಕೈಮಾಡಿದರೂ ಅದು ಕಾರಣವಾಗಬಲ್ಲದು ಎಂಬುದನ್ನು ಗಮನಿಸಬೇಕು. ಉಳಿದೆರಡು ರಾಜ್ಯಗಳಲ್ಲಿ ಸಂಗಾತಿ ಮತ್ತು ಮಕ್ಕಳಷ್ಟೇ ಲೆಕ್ಕಕ್ಕೆ.

ಲೂಯಿಸಿಯಾನದಲ್ಲಿ ಒಪ್ಪಿಗೆಯ ವಿಚ್ಛೇದನವೇ ಇಲ್ಲ. ಇಬ್ಬರೂ ಕೈಕೈ ಹಿಡಿದು ಜಡ್ಜ್ ಮುಂದೆ ನಿಂತು ಸಾಕಪ್ಪಾ ಎಂದರೂ ಆಗುವುದಿಲ್ಲ. ವ್ಯಭಿಚಾರ, ಮರಣದಂಡನೆ ಅಥವಾ ಕಠಿಣ ದುಡಿಮೆಯ ಜೈಲುಶಿಕ್ಷೆ ತಂದ ಅಪರಾಧ, ಒಂದು ವರ್ಷದ ಪರಿತ್ಯಾಗ, ದೈಹಿಕ ಅಥವಾ ಲೈಂಗಿಕ ದೌರ್ಜನ್ಯ ಇವುಗಳಲ್ಲಿ ಒಂದನ್ನು ಸಾಬೀತು ಮಾಡಬೇಕು, ಇಲ್ಲವೇ ಎರಡು ವರ್ಷ ಬೇರೆ ಬದುಕಬೇಕು. ಸಾದಾ ಮದುವೆಗೆ ಅದೇ ರಾಜ್ಯ ಕೇಳುವುದು 180 ದಿನ, ಅಪ್ರಾಪ್ತ ಮಕ್ಕಳಿದ್ದರೆ 365. ಮಾತಿನ ಹಿಂಸೆ, ಅವಮಾನ, ಕುಡಿತ ಇವು ಇಲ್ಲಿ ನೇರ ವಿಚ್ಛೇದನ ಕೊಡಿಸುವುದಿಲ್ಲ. ಬೇರ್ಪಡೆಗೆ ಮಾತ್ರ ಕಾರಣವಾಗುತ್ತವೆ.

ಆರ್ಕನ್ಸಾದ ಪಟ್ಟಿ ಲೂಯಿಸಿಯಾನದ್ದನ್ನೇ ಹೋಲುತ್ತದೆ. ಪರಿತ್ಯಾಗ ಅದರಲ್ಲಿಲ್ಲ, ಅಪರಾಧದ ಸಾಲು ಮಾತ್ರ ಅಗಲವಾಗಿದೆ.

ಇನ್ನು ಕೌನ್ಸೆಲಿಂಗ್. ಲೂಯಿಸಿಯಾನ ಮತ್ತು ಆರ್ಕನ್ಸಾದ ಕಾನೂನು ಶುರುವಾಗುವುದೇ ‘ಕೌನ್ಸೆಲಿಂಗ್ ಪಡೆದ ನಂತರ’ ಎಂಬ ಷರತ್ತಿನಿಂದ. ಅರಿಜೋನಾದಲ್ಲಿ ಡಿಕ್ರಿಗೆ ಆ ಷರತ್ತಿಲ್ಲ. ಎಷ್ಟು ಗಂಟೆ, ಎಷ್ಟು ಸಲ ಎಂದು ಲೂಯಿಸಿಯಾನದ ಕಾನೂನು ಹೇಳುವುದಿಲ್ಲ, ಹಾಗಾಗಿ ದಾಖಲೆಯೇ ದಿಕ್ಕು. ಭೇಟಿಯ ತಾರೀಖುಗಳಿರುವ, ಕೌನ್ಸೆಲರ್ ಸಹಿ ಇರುವ ಒಂದು ಪುಟದ ಪತ್ರ ಸಾಕು. ಒಳಗೆ ಏನು ಮಾತಾಡಿದರು ಎಂಬುದು ಅದರಲ್ಲಿ ಬೇಡ. ಎದುರಿನವರು ಬರಲೊಲ್ಲೆ ಎಂದರೆ ಕರೆದದ್ದಕ್ಕೆ ಲಿಖಿತ ಪುರಾವೆ ಇರಲಿ, ಫೋನಿನಲ್ಲಿ ಕರೆದೆ ಎಂಬುದು ಕಟಕಟೆಯಲ್ಲಿ ಗಾಳಿಮಾತು. ಸಂಗಾತಿಯ ಮೇಲೋ ಮಗುವಿನ ಮೇಲೋ ಹಲ್ಲೆಯಾಗಿದ್ದರೆ ಲೂಯಿಸಿಯಾನ ಈ ಷರತ್ತನ್ನು ಬಿಡುತ್ತದೆ. ಹೊಡೆಸಿಕೊಂಡವರನ್ನು ಹೊಡೆದವನ ಪಕ್ಕ ಕೂರಿಸಿ ‘ಹೊಂದಿಕೊಂಡು ಹೋಗಿ’ ಎನ್ನುವ ಪಂಚಾಯ್ತಿ ಅಲ್ಲಿ ಇಲ್ಲ. ಇದು ಗೊತ್ತಿಲ್ಲದೆ, ಹಲ್ಲೆಯ ಕೇಸಿನಲ್ಲೂ ಮೊದಲು ಕೌನ್ಸೆಲಿಂಗ್ ಮುಗಿಸಲೇಬೇಕು ಎಂದು ತಿಳಿದು ತಿಂಗಳುಗಟ್ಟಲೆ ತಡಮಾಡುವವರಿದ್ದಾರೆ.

ಹಾಸಿಗೆ, ಊಟ ಬೇರೆ ಮಾಡುವ ಡಿಕ್ರಿ

ಲೂಯಿಸಿಯಾನದಲ್ಲಿ ಬೇರ್ಪಡೆಗೆ ಇರುವ ಹೆಸರನ್ನು ಕನ್ನಡಕ್ಕೆ ತಂದರೆ ‘ಹಾಸಿಗೆ ಮತ್ತು ಊಟದಿಂದ ಬೇರ್ಪಡೆ’. ಯುರೋಪಿನ ಚರ್ಚ್ ಕಾನೂನಿನ ಹಳೆಯ ಮಾತು ಅದು. ನಮ್ಮಲ್ಲಿ 1869ರ ವಿಚ್ಛೇದನ ಕಾಯ್ದೆ ಬರುವಾಗ ಇಂಥ ಡಿಕ್ರಿಯನ್ನು ಕೈಬಿಟ್ಟು ಅದರ ಜಾಗದಲ್ಲಿ ಜುಡಿಷಿಯಲ್ ಸೆಪರೇಷನ್ ತಂದರು. ಹಿಂದೂ ವಿವಾಹ ಕಾಯ್ದೆಯ 10ನೇ ಕಲಮಿನಲ್ಲಿರುವುದೂ ಅದರ ವಂಶದ್ದೇ. ಮದುವೆ ಉಳಿಯುತ್ತದೆ, ಮರುಮದುವೆ ಆಗುವಂತಿಲ್ಲ, ಆದರೆ ಸಂಸಾರ ಬೇರೆ, ಲೆಕ್ಕ ಬೇರೆ. ವಿಚ್ಛೇದನದ ಕಾರಣಗಳ ಜೊತೆಗೆ ವಿಪರೀತ ಕುಡಿತ, ಕ್ರೂರ ನಡವಳಿಕೆ, ಒಟ್ಟಿಗೆ ಬಾಳುವುದು ಅಸಾಧ್ಯವಾಗುವಷ್ಟು ಕಿರುಕುಳ ಇವೂ ಇದಕ್ಕೆ ಸಾಕು.

ಈ ದಾರಿ ಬೇಗ ಮುಗಿಯುತ್ತದೆ ಎಂಬ ನಂಬಿಕೆ ಇದೆ. ಲೆಕ್ಕ ಹಾಕಿ ನೋಡಿದರೆ ಎಲ್ಲ ಸಲವೂ ಹಾಗಲ್ಲ. ಲೂಯಿಸಿಯಾನದಲ್ಲಿ ಬೇರ್ಪಡೆಯ ತೀರ್ಪಿಗೆ ಸಹಿ ಬಿದ್ದ ದಿನದಿಂದ ಒಂದು ವರ್ಷ ಬೇರೆ ಇದ್ದರೆ ವಿಚ್ಛೇದನ ಕೇಳಬಹುದು. ಅಪ್ರಾಪ್ತ ಮಕ್ಕಳಿದ್ದರೆ ಒಂದೂವರೆ ವರ್ಷ. ಮಗುವಿನ ಮೇಲಿನ ದೌರ್ಜನ್ಯವೇ ಬೇರ್ಪಡೆಗೆ ಕಾರಣವಾಗಿದ್ದರೆ ಮತ್ತೆ ಒಂದೇ ವರ್ಷ. ಮಕ್ಕಳಿರುವವರು ಬೇರೆಯಾದ ದಿನವೇ ದಾವೆ ಹಾಕಿದರು ಎಂದುಕೊಳ್ಳಿ. ತೀರ್ಪು ಬರಲು ಎಂಟು ತಿಂಗಳಾದರೆ ಮುಂದೆ ಹದಿನೆಂಟು, ಒಟ್ಟು ಇಪ್ಪತ್ತಾರು. ಏನೂ ಮಾಡದೆ ಬೇರೆ ಇದ್ದುಬಿಟ್ಟಿದ್ದರೆ ಇಪ್ಪತ್ತನಾಲ್ಕು ತಿಂಗಳಿಗೇ ವಿಚ್ಛೇದನದ ಹಕ್ಕು ಬರುತ್ತಿತ್ತು. ಮಕ್ಕಳಿದ್ದಾಗ ಬೇರ್ಪಡೆಯ ತೀರ್ಪು ಆರು ತಿಂಗಳೊಳಗೆ ಬಂದರೆ ಮಾತ್ರ ಕಾಲ ಉಳಿಯುತ್ತದೆ, ಮಕ್ಕಳಿಲ್ಲದಿದ್ದರೆ ಹನ್ನೆರಡು ತಿಂಗಳೊಳಗೆ. ಆರ್ಕನ್ಸಾದಲ್ಲಿ ಈ ದಾರಿಯಿಂದ ಒಂದು ದಿನವೂ ಉಳಿಯುವುದಿಲ್ಲ. ಅಲ್ಲಿ ಬೇರ್ಪಡೆಯ ತೀರ್ಪಿನಿಂದಲೇ ಎರಡು ವರ್ಷ, ಮಕ್ಕಳಿದ್ದರೆ ಎರಡೂವರೆ. ಮಗುವಿನ ಮೇಲಿನ ದೌರ್ಜನ್ಯದ ಕೇಸಿಗೆ ಮಾತ್ರ ಒಂದು ವರ್ಷ.

ಹಾಗಾದರೆ ಬೇರ್ಪಡೆಯ ದಾವೆ ಯಾಕೆ? ದುಡ್ಡಿಗಾಗಿ. ಲೂಯಿಸಿಯಾನದಲ್ಲಿ ಗಂಡ ಹೆಂಡತಿ ದುಡಿದದ್ದು ಇಬ್ಬರ ಸಮುದಾಯ ಆಸ್ತಿ, ಮಾಡಿದ ಸಾಲವೂ ಬಹುಮಟ್ಟಿಗೆ ಹಾಗೆಯೇ. ಎರಡು ವರ್ಷ ಕಾಯುವಾಗ ಬರೀ ಬೇರೆ ಮನೆ ಮಾಡಿಕೊಂಡ ಮಾತ್ರಕ್ಕೆ ಆ ಗಂಟು ಬಿಚ್ಚುವುದಿಲ್ಲ. ಒಬ್ಬರ ಸಂಬಳ, ಇನ್ನೊಬ್ಬರ ಕ್ರೆಡಿಟ್ ಕಾರ್ಡು ಎರಡೂ ಅದೇ ಮಡಕೆಗೆ ಬೀಳುತ್ತಿರುತ್ತವೆ. ಬೇರ್ಪಡೆಯ ತೀರ್ಪು ಬಂದರೆ ಆಸ್ತಿ ಅರ್ಜಿ ಹಾಕಿದ ದಿನಕ್ಕೇ ಹಿಂದಕ್ಕೆ ಹೋಗಿ ಬೇರೆಯಾಗುತ್ತದೆ. ಬೇರ್ಪಡೆ ಬೇಡ ಎನ್ನುವವರು ಆರು ತಿಂಗಳು ಸತತ ಬೇರೆ ಇದ್ದ ಮೇಲೆ ಆಸ್ತಿ ಬೇರ್ಪಡೆಯನ್ನಷ್ಟೇ ಕೇಳಲು ಸಿವಿಲ್ ಕೋಡ್‌ನ 2374ನೇ ಕಲಮಿದೆ. ಎರಡನ್ನೂ ಮಾಡದೆ ಸುಮ್ಮನೆ ಕಾದವರು ಕೊನೆಗೆ ಇನ್ನೊಬ್ಬರು ಮಾಡಿದ ಸಾಲದ ಅರ್ಧವನ್ನು ಹೊರುವುದೇ ಈ ಇಡೀ ವಿಷಯದಲ್ಲಿ ಅತಿ ದುಬಾರಿಯ ತಪ್ಪು.

ಅರಿಜೋನಾ ಇದಕ್ಕೆ ಒಂದು ಜಾಣ ದಾರಿ ಇಟ್ಟಿದೆ. ಒಂದು ವರ್ಷದ ಪರಿತ್ಯಾಗವೋ ಎರಡು ವರ್ಷದ ಬೇರೆ ವಾಸವೋ ಇನ್ನೂ ತುಂಬದಿದ್ದರೂ ಅರ್ಜಿ ಹಾಕಬಹುದು. ಕಾಲ ತುಂಬಿಲ್ಲ ಎಂದು ಕೋರ್ಟು ಅದನ್ನು ವಜಾ ಮಾಡುವಂತಿಲ್ಲ, ಉಳಿದ ಅವಧಿಗೆ ತಡೆಹಿಡಿಯುತ್ತದೆ. ಆ ನಡುವೆ ಮಕ್ಕಳ ಪಾಲನೆ, ಜೀವನಾಂಶ, ಮನೆಯ ವಾಸಕ್ಕೆ ತಾತ್ಕಾಲಿಕ ಆದೇಶ ಕೊಡಬಹುದು. ಆ ಅರ್ಜಿ ಕೊನೆಗೆ ಡಿಕ್ರಿಯಾದರೆ, ಸಮುದಾಯ ಆಸ್ತಿ ಮುಗಿಯುವುದು ಅರ್ಜಿ ಎದುರಿನವರಿಗೆ ಜಾರಿಯಾದ ದಿನ. ಅಂದರೆ ಅಲ್ಲಿ ಎರಡು ವರ್ಷ ಮುಗಿಯಲಿ ಎಂದು ಅರ್ಜಿ ಬರೆಯದೆ ಕೂರುವುದರಲ್ಲಿ ಅರ್ಥವೇ ಇಲ್ಲ. ಲೂಯಿಸಿಯಾನದಲ್ಲಿ ಇದಕ್ಕೆ ಅವಕಾಶವಿಲ್ಲ, ಎರಡು ವರ್ಷ ತುಂಬಿದ ಮೇಲೆಯೇ ಅರ್ಜಿ.

ಪುರಾವೆ ಎಂಬ ತಲೆನೋವು

ಬೇರೆ ವಾಸ ಎಂದರೆ ಬೇರೆ ಕೋಣೆಯಲ್ಲ. ಒಂದೇ ಸೂರಿನಡಿ ಮೇಲಿನ ಮಹಡಿ ಕೆಳಗಿನ ಮಹಡಿ ಎಂದು ಹಂಚಿಕೊಂಡರೆ ಲೂಯಿಸಿಯಾನದ ಜಡ್ಜ್ ಒಪ್ಪುವುದಿಲ್ಲ. ಬೇರೆಯಾಗಿರುವುದು ನೆರೆಹೊರೆಗೆ ಕಾಣುವಂತಿರಬೇಕು. ಬಾಡಿಗೆ ಕರಾರು, ಅದೇ ತಾರೀಖಿನಿಂದ ಶುರುವಾಗುವ ಕರೆಂಟ್ ಬಿಲ್ಲು, ಡ್ರೈವಿಂಗ್ ಲೈಸೆನ್ಸಿನಲ್ಲಿ ಬದಲಾದ ವಿಳಾಸ ಇವು ಮೂರು ಹೊಂದಿಕೊಂಡರೆ ಅರ್ಧ ಕೆಲಸ ಆದಂತೆ. ಇನ್ನರ್ಧ ಸಾಕ್ಷಿ. ದೂರು ಕೊಟ್ಟ ಸಂಗಾತಿಯ ಮಾತೊಂದನ್ನೇ ನಂಬಿ ತಪ್ಪಿನ ಆಧಾರದ ವಿಚ್ಛೇದನ ಕೊಡಲು ಲೂಯಿಸಿಯಾನದ ಕೋರ್ಟುಗಳು ಹಿಂಜರಿಯುತ್ತವೆ. ಆರ್ಕನ್ಸಾದಲ್ಲಂತೂ ವಾಸಸ್ಥಳಕ್ಕೆ ಪ್ರತಿ ಕೇಸಿನಲ್ಲೂ ಮೂರನೆಯವರ ಸಮರ್ಥನೆ ಬೇಕೇ ಬೇಕು. ಬೇರೆ ವಾಸಕ್ಕೂ ಬೇಕು, ತಕರಾರಿಲ್ಲದಿದ್ದರೆ ಅದು ಅಫಿಡವಿಟ್ ರೂಪದಲ್ಲಿ ಆದೀತು. ನೆರೆಯವರು, ಸಹೋದ್ಯೋಗಿ, ಅಣ್ಣತಮ್ಮ ಯಾರೂ ಆಗಬಹುದು. ‘ಬೇರೆ ಇದ್ದಾರೆ ಎಂದು ಕೇಳಿದ್ದೇನೆ’ ಎನ್ನುವ ಅಫಿಡವಿಟ್ ಬೇಡ, ‘ಇಂಥ ತಿಂಗಳಿನಿಂದ ಆ ಮನೆಗೆ ಹೋದಾಗಲೆಲ್ಲ ಇವರೊಬ್ಬರೇ ಇದ್ದದ್ದು ನೋಡಿದ್ದೇನೆ’ ಎನ್ನುವುದು ಬೇಕು.

ಎಣಿಕೆಯನ್ನು ಕೆಡಿಸುವುದು ರಾಜಿ. ಮತ್ತೆ ಸಂಸಾರ ಹೂಡುವ ಮನಸ್ಸಿನಿಂದ ಇಬ್ಬರೂ ಒಂದಾದರೆ ಎರಡು ವರ್ಷದ ಲೆಕ್ಕ ಸೊನ್ನೆಗೆ ಬರುತ್ತದೆ. ಹದಿನೆಂಟು ತಿಂಗಳು ಕಳೆದು, ಹಬ್ಬಕ್ಕೆಂದು ಬಂದು, ‘ಇನ್ನೊಂದು ಸಲ ನೋಡೋಣ’ ಎಂದು ಎರಡು ತಿಂಗಳು ಒಟ್ಟಿಗಿದ್ದು ಮತ್ತೆ ಬೇರೆಯಾದರೆ, ಆ ಹದಿನೆಂಟು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮಗುವಿನ ಹುಟ್ಟುಹಬ್ಬದ ಊಟ, ಆಸ್ಪತ್ರೆಯ ಭೇಟಿ ಇವು ರಾಜಿಯಾಗುವುದಿಲ್ಲ. ಆದರೂ ಯಾಕೆ ಭೇಟಿಯಾದದ್ದು ಎಂಬುದು ಒಂದು ಮೆಸೇಜಿನಲ್ಲಾದರೂ ಬರೆದಿಟ್ಟಿರಲಿ.

ಒಪ್ಪಿಗೆಗೆ ಜಾಗವಿಲ್ಲದ ಲೂಯಿಸಿಯಾನದಲ್ಲಿ ಒಂದು ಅಡ್ಡದಾರಿಯ ಆಸೆ ಹುಟ್ಟುತ್ತದೆ: ಒಬ್ಬರು ಸುಳ್ಳೇ ವ್ಯಭಿಚಾರ ಒಪ್ಪಿಕೊಂಡುಬಿಟ್ಟರೆ ಎರಡು ವರ್ಷ ಉಳಿಯಿತಲ್ಲ? ಇದು ಪ್ರಮಾಣ ಮಾಡಿ ಹೇಳುವ ಸುಳ್ಳು, ಶಿಕ್ಷಾರ್ಹ ಅಪರಾಧ. ಅದರ ಮೇಲೆ, ವಿಚ್ಛೇದನದ ನಂತರದ ಜೀವನಾಂಶ ಕೇಳುವವರು ಅಲ್ಲಿ ತಪ್ಪಿಲ್ಲದವರಾಗಿರಬೇಕು. ಉಪಕಾರಕ್ಕೆಂದು ತಲೆಗೆ ಹಾಕಿಕೊಂಡ ತಪ್ಪು ಮುಂದೆ ಜೀವನಾಂಶದ ಹಕ್ಕನ್ನೇ ನುಂಗಬಹುದು.

ಅಪರಾಧದ ಕಾರಣವಾದರೆ ಬಂಧನದ ವರದಿಯಿಂದ ಪ್ರಯೋಜನವಿಲ್ಲ, ಶಿಕ್ಷೆಯ ಆದೇಶದ ಪ್ರಮಾಣಿತ ನಕಲು ಬೇಕು. ಹಲ್ಲೆಗೆ ಆಸ್ಪತ್ರೆಯ ದಾಖಲೆ, ತಾರೀಖಿರುವ ಫೋಟೋ, ಹೊಡೆದವರು ಹತ್ತಿರ ಬರದಂತೆ ಕೋರ್ಟು ಕೊಡುವ ರಕ್ಷಣಾ ಆದೇಶದ ಪ್ರತಿ ಬೇಕು. ಲೂಯಿಸಿಯಾನದ ಸಾದಾ ಮದುವೆಯಲ್ಲಿ ರಕ್ಷಣಾ ಆದೇಶವೇ ವಿಚ್ಛೇದನಕ್ಕೆ ಕಾರಣವಾಗಬಲ್ಲದು, ಒಡಂಬಡಿಕೆಯ ಪಟ್ಟಿಯಲ್ಲಿ ಅದಿಲ್ಲ. ಇಲ್ಲಿ ಅದು ಪುರಾವೆ ಮಾತ್ರ, ಹಲ್ಲೆಯನ್ನು ಬೇರೆಯಾಗಿ ಸಾಬೀತು ಮಾಡಬೇಕು.

ಅರ್ಜಿ, ಜಾರಿ

ಲೂಯಿಸಿಯಾನದಲ್ಲಿ ಇಬ್ಬರಲ್ಲಿ ಒಬ್ಬರು ನೆಲೆಸಿರುವ ಪ್ಯಾರಿಷ್‌ನಲ್ಲಿ ಅಥವಾ ಕೊನೆಯದಾಗಿ ಒಟ್ಟಿಗೆ ಸಂಸಾರ ಮಾಡಿದ ಪ್ಯಾರಿಷ್‌ನಲ್ಲಿ ಮಾತ್ರ ಅರ್ಜಿ ಹಾಕಬೇಕು. ಬೇರೆ ಕೇಸುಗಳಲ್ಲಿ ಎದುರಿನವರು ಸುಮ್ಮನಿದ್ದರೆ ತಪ್ಪು ಪ್ಯಾರಿಷ್ ಕೂಡ ನಡೆದುಬಿಡುತ್ತದೆ, ಇಲ್ಲಿ ನಡೆಯುವುದಿಲ್ಲ. ತಪ್ಪು ಜಾಗದಲ್ಲಿ ಬಂದ ವಿಚ್ಛೇದನದ ತೀರ್ಪು ಪೂರ್ತಿ ಶೂನ್ಯ. ಅದನ್ನು ನಂಬಿ ಇನ್ನೊಂದು ಮದುವೆಯಾದವರ ಪಾಡು ಹೇಳಬೇಕಾಗಿಲ್ಲ. ಆರು ತಿಂಗಳು ಒಂದು ಪ್ಯಾರಿಷ್‌ನಲ್ಲಿ ವಾಸವಿದ್ದರೆ ರಾಜ್ಯದಲ್ಲಿ ನೆಲೆಸಿದ್ದಾರೆ ಎಂದು ಕಾನೂನು ಊಹಿಸುತ್ತದೆ. ಆರ್ಕನ್ಸಾದಲ್ಲಿ ಅರ್ಜಿಗೆ ಮುನ್ನ 60 ದಿನ, ಡಿಕ್ರಿಗೆ ಮುನ್ನ ಮೂರು ತಿಂಗಳ ವಾಸ ಬೇಕು.

ಜಾರಿಯ ನಂತರ ಅರಿಜೋನಾದಲ್ಲಿ ಉತ್ತರಕ್ಕೆ 20 ದಿನ, ರಾಜ್ಯದ ಹೊರಗಿದ್ದರೆ 30. ಸಂಗಾತಿ ಮೈಸೂರಿಗೋ ದಾವಣಗೆರೆಗೋ ವಾಪಸು ಹೋಗಿಬಿಟ್ಟಿದ್ದರೆ ನಿಜವಾದ ತಡ ಇಲ್ಲಿ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ಸಹಿಯಾದ ಚೀಟಿ ತಂದುಕೊಟ್ಟರೆ ಆಯಿತು ಎಂದುಕೊಳ್ಳುತ್ತಾರೆ. ಆದರೆ ಕೋರ್ಟಿನ ಕಾಗದಗಳನ್ನು ಬೇರೆ ದೇಶದಲ್ಲಿರುವವರಿಗೆ ತಲುಪಿಸುವ ಹೇಗ್ ಜಾರಿ ಒಪ್ಪಂದಕ್ಕೆ ಸೇರುವಾಗಲೇ ಭಾರತ ಅಂಚೆಯ ಜಾರಿಗೆ ಆಕ್ಷೇಪ ದಾಖಲಿಸಿದೆ. ಕಾಗದಗಳು ದೆಹಲಿಯ ಕಾನೂನು ಸಚಿವಾಲಯದ ಮೂಲಕ ಜಿಲ್ಲಾ ಕೋರ್ಟಿಗೆ ಹೋಗಿ ಅಲ್ಲಿಂದ ಜಾರಿಯಾಗಬೇಕು, ತಿಂಗಳುಗಳೇ ಹಿಡಿಯುತ್ತವೆ. ಎದುರಿನವರು ಮಾತಾಡುವ ಸ್ಥಿತಿಯಲ್ಲಿದ್ದರೆ ಜಾರಿ ಸ್ವೀಕರಿಸಿದ್ದೇನೆ ಎಂದು ನೋಟರಿ ಮುಂದೆ ಅವರೇ ಬರೆದುಕೊಡುವುದು ಎಲ್ಲಕ್ಕಿಂತ ಸುಲಭ.

ಬೇರೆ ರಾಜ್ಯಕ್ಕೆ ಹೋದರೆ

ಒಡಂಬಡಿಕೆ ಊರು ಬಿಟ್ಟು ಬರುವುದಿಲ್ಲ. ವಿಚ್ಛೇದನಕ್ಕೆ ಕೋರ್ಟು ನೋಡುವುದು ಅರ್ಜಿ ಹಾಕಿದ ರಾಜ್ಯದ ಕಾನೂನನ್ನು. ಇಬ್ಬರಲ್ಲಿ ಒಬ್ಬರು ನಿಜವಾಗಿ ನೆಲೆಸಿರುವ ರಾಜ್ಯ ಕೊಟ್ಟ ಡಿಕ್ರಿಯನ್ನು ಉಳಿದ ರಾಜ್ಯಗಳು ಒಪ್ಪಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟು 1942ರಲ್ಲೇ ಹೇಳಿದೆ. ಲೂಯಿಸಿಯಾನ ಬಿಟ್ಟು ಟೆಕ್ಸಾಸಿಗೆ ಹೋಗಿ ರಾಜ್ಯದಲ್ಲಿ ಆರು ತಿಂಗಳು, ಕೌಂಟಿಯಲ್ಲಿ 90 ದಿನ ವಾಸವಿದ್ದರೆ ಅಲ್ಲಿ ತಪ್ಪು ತೋರಿಸದೆಯೇ ಅರ್ಜಿ ಹಾಕಬಹುದು. ಈ ಕಾನೂನಿನ ಅತಿ ದೊಡ್ಡ ತೂತು ಇದೇ, ಅದನ್ನು ಬರೆದವರಿಗೂ ಗೊತ್ತಿದ್ದದ್ದೇ.

ನೆಲೆ ನಿಜವಾಗಿರಬೇಕು. ಹೋಟೆಲಿನ ವಿಳಾಸ ಕೊಟ್ಟು ಕೆಲಸವನ್ನು ಹಳೆಯ ಊರಿನಲ್ಲೇ ಇಟ್ಟುಕೊಂಡರೆ ಡಿಕ್ರಿಯನ್ನು ಆಮೇಲೆ ಪ್ರಶ್ನಿಸಬಹುದು. ಇನ್ನೊಂದು ಮಾತು, ಹೊಸ ರಾಜ್ಯದ ಕೋರ್ಟು ಮದುವೆಯನ್ನು ಮುಗಿಸಬಲ್ಲದು, ಆದರೆ ಆ ರಾಜ್ಯಕ್ಕೆ ಸಂಬಂಧವೇ ಇಲ್ಲದ ಸಂಗಾತಿಯ ಜೀವನಾಂಶದ ಹಕ್ಕನ್ನು ಕಿತ್ತುಕೊಳ್ಳಲಾರದು. ಮಕ್ಕಳ ಪಾಲನೆಯೂ ಹಾಗೆಯೇ: ಮಗು ಹಿಂದಿನ ಆರು ತಿಂಗಳು ಯಾವ ರಾಜ್ಯದಲ್ಲಿತ್ತೋ ಮೊದಲ ಹಕ್ಕು ಆ ರಾಜ್ಯದ್ದು. ವಿಚ್ಛೇದನ ಟೆಕ್ಸಾಸಿನಲ್ಲಿ, ಪಾಲನೆ ಲೂಯಿಸಿಯಾನದಲ್ಲಿ ಎಂದು ಎರಡು ಕೋರ್ಟು, ಎರಡು ವಕೀಲರು, ಎರಡು ಫೀಸು.

ಭಾರತದಲ್ಲಿ ಆ ಡಿಕ್ರಿಗೆ ಬೆಲೆ ಎಷ್ಟು

ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಅಮೆರಿಕದ ಕಾಗದ ಊರಿನಲ್ಲೂ ನಡೆಯಬೇಕು. ಸಿವಿಲ್ ಪ್ರೊಸೀಜರ್ ಕೋಡ್‌ನ 13ನೇ ಕಲಮು ಮತ್ತು 1991ರ ನರಸಿಂಹರಾವ್ ವಿರುದ್ಧ ವೆಂಕಟಲಕ್ಷ್ಮಿ ತೀರ್ಪು ಇದಕ್ಕೆ ಅಳತೆಗೋಲು. ತಿರುಪತಿಯಲ್ಲಿ ಆದ ಮದುವೆಗೆ ಮಿಸ್ಸೋರಿಯ ಕೋರ್ಟಿನಿಂದ ‘ಸರಿಪಡಿಸಲಾಗದಷ್ಟು ಮುರಿದಿದೆ’ ಎಂಬ ಆಧಾರದಲ್ಲಿ ತಂದ ಡಿಕ್ರಿಯನ್ನು ನಮ್ಮ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ವಿಚ್ಛೇದನ ಕೊಟ್ಟ ಕಾರಣ ನಮ್ಮ ಕಾಯ್ದೆಯಲ್ಲೂ ಇರಬೇಕು. ಎದುರಿನವರು ತಾವಾಗಿಯೇ ಹಾಜರಾಗಿ ವಾದಿಸಿರಬೇಕು, ಇಲ್ಲವೇ ಆ ಡಿಕ್ರಿಗೆ ಒಪ್ಪಿರಬೇಕು, ಅಥವಾ ಅವರು ಖಾಯಮ್ಮಾಗಿ ಅಲ್ಲೇ ನೆಲೆಸಿದವರಾಗಿರಬೇಕು.

ಇಲ್ಲಿ ಒಂದು ತಮಾಷೆ ಇದೆ. ಅಮೆರಿಕದ ಸಾದಾ ವಿಚ್ಛೇದನಕ್ಕಿಂತ ಒಡಂಬಡಿಕೆ ಮದುವೆಯ ಕಾರಣಗಳೇ ನಮ್ಮ ಕಾಯ್ದೆಗೆ ಹತ್ತಿರ. ವ್ಯಭಿಚಾರ ಎರಡೂ ಕಡೆ ಇದೆ, ಹಲ್ಲೆ ನಮ್ಮಲ್ಲಿ ಕ್ರೌರ್ಯದ ಅಡಿ ಬರುತ್ತದೆ. ಹೊಂದದಿರುವುದು ಪರಿತ್ಯಾಗ: ಅರಿಜೋನಾ, ಲೂಯಿಸಿಯಾನದಲ್ಲಿ ಒಂದು ವರ್ಷ ಸಾಕು, ನಮ್ಮಲ್ಲಿ ಎರಡು ವರ್ಷ ಬೇಕು. ತಪ್ಪು ಯಾರದೆಂದು ಹೇಳದ ಎರಡು ವರ್ಷದ ಬೇರೆ ವಾಸ ಒಂದೇ ನಮ್ಮಲ್ಲಿ ಕಾರಣವಾಗುವುದಿಲ್ಲ. ಆದ್ದರಿಂದ ಡಿಕ್ರಿಯ ಕರಡು ಬರೆಯುವಾಗಲೇ ವಕೀಲರಿಗೆ ಹೇಳಿ ಎರಡು ವಾಕ್ಯ ಸೇರಿಸಿಸಬೇಕು: ಯಾವ ಕಾರಣ ಸಾಬೀತಾಯಿತು ಎಂದು ಸ್ಪಷ್ಟವಾಗಿ ಒಂದು, ಎದುರಿನವರು ಸ್ವಇಚ್ಛೆಯಿಂದ ಹಾಜರಾದರು ಅಥವಾ ಒಪ್ಪಿದರು ಎಂದು ಇನ್ನೊಂದು. ಅರಿಜೋನಾದಲ್ಲಿ ಪರಸ್ಪರ ಒಪ್ಪಿಗೆಯ ಡಿಕ್ರಿಯಾದರೆ ಇಬ್ಬರ ಸಹಿಯೂ ಒಪ್ಪಿಗೆಪತ್ರವೂ ಕಡತದಲ್ಲಿರುವಂತೆ ನೋಡಿಕೊಳ್ಳಬೇಕು.

ಸಂಗಾತಿಯ ಕೆಲಸದ ವೀಸಾ ನಂಬಿಕೊಂಡ ಎಚ್-4 ವೀಸಾದಲ್ಲಿರುವವರಿಗೆ ಅಂತಿಮ ಡಿಕ್ರಿಯ ದಿನವೇ ಆ ವೀಸಾದ ಆಧಾರ ಬಿದ್ದುಹೋಗುತ್ತದೆ. ವಲಸೆ ವಕೀಲರನ್ನು ಡಿಕ್ರಿಗೆ ಮುಂಚೆ ಕಾಣಬೇಕು, ಆಮೇಲಲ್ಲ.

ಡಿಕ್ರಿ ಬಂದ ವಾರದಲ್ಲೇ ಕೋರ್ಟಿನ ಕ್ಲರ್ಕ್‌ನಿಂದ ಮೊಹರು ಹಾಕಿದ ಮೂರು ನಾಲ್ಕು ಪ್ರಮಾಣಿತ ನಕಲು ತೆಗೆಸಿ, ಅದರಲ್ಲಿ ಎರಡಕ್ಕೆ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪಾಸ್ಟಿಲ್, ಅಂದರೆ ಬೇರೆ ದೇಶದಲ್ಲಿ ನಡೆಯುವ ದೃಢೀಕರಣದ ಮೊಹರು, ಹಾಕಿಸಬೇಕು. ಭಾರತವೂ ಅಪಾಸ್ಟಿಲ್ ಒಪ್ಪಂದದಲ್ಲಿರುವುದರಿಂದ ದೂತಾವಾಸದ ಮೊಹರು ಬೇಕಾಗುವುದಿಲ್ಲ. ಮದುವೆಯ ಮೂಲ ಘೋಷಣೆಯ ನಕಲನ್ನೂ ಜೊತೆಗೇ ಇಡಬೇಕು. ಈ ಡಿಕ್ರಿಯಲ್ಲಿ ಉಳಿದವರ ಡಿಕ್ರಿಯಲ್ಲಿಲ್ಲದ ಕಾರಣ ಯಾಕೆ ಬರೆದಿದೆ ಎಂದು ಪಾಸ್‌ಪೋರ್ಟ್ ಕಚೇರಿಯಲ್ಲೋ ಕುಟುಂಬ ನ್ಯಾಯಾಲಯದಲ್ಲೋ ಯಾರಾದರೂ ಕೇಳಿದರೆ ತೋರಿಸಲು ಅದೊಂದೇ ಕಾಗದ.